ಟಿಬಿ ರೋಗಿಗಳಲ್ಲಿ ಖಿನ್ನತೆ, ಕಳಂಕ: ಜಿಲ್ಲಾಸ್ಪತ್ರೆಯಲ್ಲಿ ಅಧ್ಯಯನ ಮಾಡುವುದು ಹೇಗೆ?

ಸಹನಾ
ನಮಸ್ಕಾರ. ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೇನೆ. ಜಿಲ್ಲಾಸ್ಪತ್ರೆಗೆ ಬರುವ ಟಿಬಿ ರೋಗಿಗಳಲ್ಲಿ ಖಿನ್ನತೆ ಎಷ್ಟಿದೆ, ಊರಿನವರು ಅವರನ್ನು ಹೇಗೆ ಕಾಣುತ್ತಾರೆ, ಎರಡನ್ನೂ ಒಟ್ಟಿಗೆ ನೋಡಬೇಕೆಂದಿದ್ದೇನೆ. ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ, ಕಳಂಕಕ್ಕೆ ವ್ಯಾನ್ ರೀ ಮಾಪಕ ಎಂಬ ಪ್ರಶ್ನಾವಳಿ. ಮಾಹಿತಿ ಸಂಗ್ರಹಕ್ಕೆ ಎರಡು ತಿಂಗಳಿದೆ. ಎಷ್ಟು ಜನ ಬೇಕು? ಓದು ಬಾರದವರನ್ನು ಹೇಗೆ ಕೇಳುವುದು? ಮಾತ್ರೆ ಕೊಡುವ ಕೌಂಟರ್ ಪಕ್ಕದಲ್ಲೇ ಕೂತು ಕೇಳಬಹುದೇ?

ಸಮುದಾಯ_ವೈದ್ಯ
ಕೊನೆಯ ಪ್ರಶ್ನೆ ಮೊದಲು, ಏಕೆಂದರೆ ಇಂಥ ಅಧ್ಯಯನ ಕೆಡುವುದೇ ಅಲ್ಲಿ. ಕೌಂಟರ್ ಪಕ್ಕ ಖಂಡಿತ ಬೇಡ. ಸಾಲಿನಲ್ಲಿ ನಿಂತವರ ಕಿವಿಗೆ ಬೀಳುವಂತಿದ್ದರೆ "ಎಲ್ರೂ ಚೆನ್ನಾಗೇ ನೋಡ್ಕೋತಾರೆ" ಎಂಬ ಒಂದೇ ಉತ್ತರ ಸಿಗುತ್ತದೆ. ಮಾತ್ರೆ ಕೊಡುವ ಸಿಬ್ಬಂದಿಯೇ ಕೇಳಿದರೂ ಅಷ್ಟೇ. ಏನಾದರೂ ಹೇಳಿದರೆ ಮಾತ್ರೆ ನಿಂತೀತು, ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಟಿಬಿ ರೋಗಿಗಳಿಗೆ ಕೊಡುವ ನಿಕ್ಷಯ್ ಪೋಷಣ್ ಹಣ ತಪ್ಪೀತು ಎಂಬ ಅಳುಕು ಇರುತ್ತದೆ. ಕಿಟಕಿ ಬಾಗಿಲು ತೆರೆದ, ಗಾಳಿಯಾಡುವ ಬೇರೆ ಕೋಣೆ ಕೇಳಿ ಪಡೆಯಿರಿ. ನಿಮಗೆ ಎನ್-95, ರೋಗಿಗೆ ಸರ್ಜಿಕಲ್ ಮಾಸ್ಕ್. ಜೊತೆಗೆ ಬಂದ ಗಂಡನೋ ಅತ್ತೆಯೋ ಹೊರಗೆ ಕೂರಲಿ. ಸೊಸೆಯಂದಿರ ಉತ್ತರ ಬದಲಾಗುವುದೇ ಇದರಿಂದ.

ಎರಡನೆಯದು: ನಿದ್ದೆ, ಸುಸ್ತು, ಹಸಿವು ಪಿಎಚ್‌ಕ್ಯೂ-9ರಲ್ಲಿ ಮೂರು ಪ್ರಶ್ನೆಗಳು. ಈ ಮೂರೂ ಟಿಬಿಯಿಂದಲೇ ಕೆಡುತ್ತವೆ. ಚಿಕಿತ್ಸೆ ಶುರುವಾದ ಹೊಸದರಲ್ಲಿ ಕೇಳಿದರೆ ಅಂಕ ಸುಮ್ಮನೆ ಏರುತ್ತದೆ. ಹಾಗಾಗಿ ಚಿಕಿತ್ಸೆಯ ಎಷ್ಟನೇ ವಾರ ಎಂದು ಬರೆದುಕೊಳ್ಳಿ. ಮೊದಲ 2 ತಿಂಗಳ ತೀವ್ರ ಹಂತದವರನ್ನೂ ಮುಂದಿನ 4 ತಿಂಗಳಿನವರನ್ನೂ ಬೇರೆಬೇರೆಯಾಗಿ ವಿಶ್ಲೇಷಿಸಿ.

ಅಂಕಿಗಾರ
ಖಿನ್ನತೆಯ ಪ್ರಮಾಣ 50% ಎಂದಿಟ್ಟುಕೊಂಡು, 95% ವಿಶ್ವಾಸಮಟ್ಟದಲ್ಲಿ ±7% ನಿಖರತೆಗೆ 196 ಜನ ಬೇಕು. ಹತ್ತರಲ್ಲೊಬ್ಬರು ಒಪ್ಪುವುದಿಲ್ಲ ಎಂದರೆ ಸುಮಾರು 218 ಜನರನ್ನು ಕೇಳಬೇಕು. ±10% ಸಾಕೆಂದರೆ 96. ಮೊದಲು ರಿಜಿಸ್ಟರ್ ನೋಡಿ: ಎರಡು ತಿಂಗಳಲ್ಲಿ ಅಷ್ಟು ಜನ ಬರುವುದೇ ಇಲ್ಲದಿದ್ದರೆ 218 ಎಂದು ಪ್ರೊಟೊಕಾಲ್‌ನಲ್ಲಿ ಬರೆದು ಪ್ರಯೋಜನವಿಲ್ಲ. ಮಾತ್ರೆಗೆ ತಿಂಗಳಿಗೊಮ್ಮೆ ಬರುವವರನ್ನು ಎರಡು ಸಲ ಎಣಿಸದಂತೆ ಕೋಡ್ ಕೊಡಿ. ಕೋಡ್ ಮತ್ತು ಹೆಸರಿನ ಪಟ್ಟಿ ಬೇರೆ ಕಡೆ, ಬೀಗದೊಳಗಿರಲಿ.

ವ್ಯಾನ್ ರೀ ಮಾಪಕ ದಕ್ಷಿಣ ಥಾಯ್ಲೆಂಡ್‌ನಲ್ಲಿ ರೂಪುಗೊಂಡದ್ದು. ಸಮುದಾಯದ ದೃಷ್ಟಿಗೆ 11, ರೋಗಿಯ ದೃಷ್ಟಿಗೆ 12 ಪ್ರಶ್ನೆಗಳು. ಎರಡರ ಅಂಕ ಕೂಡಿಸಬೇಡಿ. ಕನ್ನಡಕ್ಕೆ ಒಬ್ಬರು ಮಾಡಲಿ, ಅದನ್ನು ನೋಡಿ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ಮಾಡಲಿ, ಹತ್ತು ಹದಿನೈದು ಜನರ ಮೇಲೆ ಪರೀಕ್ಷಿಸಿ, ಅವರನ್ನು ಮುಖ್ಯ ಅಧ್ಯಯನದಿಂದ ಬಿಡಿ. ಓದು ಬಾರದವರಿಗೆ ನಾಲ್ಕು ಆಯ್ಕೆ ಒಟ್ಟಿಗೆ ಓದಿ ಹೇಳಿದರೆ ಕೊನೆಯದಷ್ಟೇ ನೆನಪಿರುತ್ತದೆ. ಮೊದಲು "ಹೌದಾ, ಅಲ್ವಾ?", ಆಮೇಲೆ "ಪೂರ್ತಿನಾ, ಸ್ವಲ್ಪನಾ?" ಎಂದು ಕೇಳಿ. ಎಲ್ಲರಿಗೂ ಇದೇ ಕ್ರಮ.

ಇನ್ನೊಂದು ಮಾತು. ಸಮುದಾಯದ 11 ಪ್ರಶ್ನೆಗೆ ರೋಗಿ ಉತ್ತರಿಸಿದರೆ, ಊರಿನವರ ಬಗ್ಗೆ ಆತನ ಅನಿಸಿಕೆ ತಿಳಿಯುತ್ತದೆಯೇ ಹೊರತು ಊರಿನವರ ಮನಸ್ಸಲ್ಲ. ಅದು ಬೇಕಿದ್ದರೆ ಬೇರೆ ಒಪಿಡಿಗೆ ಬಂದವರ ಜೊತೆಗಾರರನ್ನು ಕೇಳಿ. ಮತ್ತೆ, ಕಾಯಿಲೆ ಮುಚ್ಚಿಟ್ಟು ಖಾಸಗಿ ವೈದ್ಯರಲ್ಲಿಗೆ ಹೋದವರು, ಮಾತ್ರೆ ಬಿಟ್ಟವರು ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಕಳಂಕ ಹೆಚ್ಚು ಉಂಡವರು ಅವರೇ ಇರಬಹುದು. "ಜಿಲ್ಲೆಯಲ್ಲಿ ಇಷ್ಟು ಶೇಕಡಾ" ಎಂದು ಬರೆಯಲೇಬೇಡಿ.

ಸಹನಾ
ಜೊತೆಗಾರರ ವಿಷಯ ಹೊಳೆದಿರಲಿಲ್ಲ. ಟಿಬಿ ರೋಗಿಯ ಜೊತೆಗೆ ಬಂದವರನ್ನೇ ಕೇಳಬಹುದಲ್ಲವೇ?

ಆಪ್ತಸಮಾಲೋಚಕಿ
ರೋಗಿ ಒಪ್ಪದೆ ಬೇಡಮ್ಮ. ಜೊತೆಗೆ ಬಂದವರಿಗೆ ಟಿಬಿ ಎಂದೇ ಗೊತ್ತಿಲ್ಲದಿರಬಹುದು. ಮನೆಗೆ ಕೊಂಡೊಯ್ಯುವ ಮಾಹಿತಿ ಪತ್ರದ ತಲೆಬರಹದಲ್ಲೂ ಟಿಬಿ ಎಂದು ದಪ್ಪಕ್ಷರ ಬೇಡ. ಹೆಬ್ಬೆಟ್ಟು ಒತ್ತುವವರಿಗೆ ಒಪ್ಪಿಗೆ ಪತ್ರ ಓದಿ ಹೇಳುವಾಗ ನಿಮ್ಮ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಇರಲೇಬೇಕು.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಅದೇ ದಿನ ಮನೋವೈದ್ಯರ ಹತ್ತಿರ ನೀವೇ ಕರೆದೊಯ್ಯಬೇಕು. ಒಟ್ಟು ಅಂಕ 10 ಅಥವಾ ಅದಕ್ಕಿಂತ ಹೆಚ್ಚು ಬಂದರೂ ತೋರಿಸಿ. ಅಂದರೆ ರೋಗಿ ಎದ್ದು ಹೋಗುವ ಮುಂಚೆಯೇ ಅಂಕ ಕೂಡಿಸಬೇಕು, ಹಾಸ್ಟೆಲ್‌ಗೆ ಹೋಗಿ ಅಲ್ಲ. ಟೆಲಿ-ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಸಂಖ್ಯೆ 14416 ಎಲ್ಲರಿಗೂ ಬರೆದುಕೊಡಿ. ಈ ವ್ಯವಸ್ಥೆಯನ್ನು ಎಥಿಕ್ಸ್ ಕಮಿಟಿ ಅರ್ಜಿಯಲ್ಲೇ ಬರೆಯಿರಿ.

ಮಾಪಕದ ಜೊತೆ ಒಂದು ಪ್ರಶ್ನೆ ಸೇರಿಸಿ: "ನಿಮ್ಮ ತಟ್ಟೆ ಲೋಟ ಬೇರೆ ಇಟ್ಟಿದ್ದಾರಾ? ಹಾಗಿಡಲು ಹೇಳಿದ್ದು ಯಾರು?" ಟಿಬಿ ಗಾಳಿಯಿಂದ ಹರಡುತ್ತದೆ, ತಟ್ಟೆಯಿಂದಲ್ಲ. ಆದರೂ ಮಕ್ಕಳಿಗೆ ತಗುಲೀತೆಂದು ರೋಗಿಯೇ ಬೇರೆ ಇಟ್ಟುಕೊಂಡಿದ್ದರೆ ಅದು ಒಂದು ಥರ, ಮನೆಯವರು ಇಟ್ಟಿದ್ದರೆ ಇನ್ನೊಂದು ಥರ. ಮೊದಲನೆಯದಕ್ಕೆ ರೋಗಿಗೇ ತಿಳಿಹೇಳಬೇಕು. ಎರಡನೆಯದಕ್ಕೆ, ರೋಗಿ ಒಪ್ಪಿದರೆ, ಮನೆಯವರನ್ನು ಕರೆಸಿ ಮಾತಾಡಬೇಕು.