ಮಂಜು, ಎಲ್ಲವನ್ನೂ ಡಿಲೀಟ್ ಮಾಡಬೇಡ

ಮಂಜು, ನಾನು ಚಿಕ್ಕಪ್ಪ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು. ವಿದ್ಯಾನಗರದ ಮನೆ ಕಟ್ಟಿದ ಕಂಟ್ರಾಕ್ಟರ್ ಬಗ್ಗೆ ಬಡಾವಣೆ ಗ್ರೂಪಿನಲ್ಲಿ ಬರೆದಿದ್ದಕ್ಕೆ ಮಾನನಷ್ಟದ ನೋಟಿಸ್ ಬಂದಿದೆ, ಎಲ್ಲಾ ಡಿಲೀಟ್ ಮಾಡಲಾ ಅಂತ ಕೇಳಿದ್ದೀಯ. ಬೇಡ.

ಪೊಲೀಸರು ಬರುತ್ತಾರೆ ಅಂತ ಅತ್ತಿಗೆ ಅಳುತ್ತಿದ್ದಾರಂತೆ. ಅದು ವಕೀಲರ ಪತ್ರ ಅಷ್ಟೇ, ಸಮಾಧಾನ ಹೇಳು. ಮಾನನಷ್ಟಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವ ಹಾಗಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ದೂರು ಕೊಡಬೇಕು. ಮೊದಲು ಹಳೆಯ ದಂಡ ಸಂಹಿತೆ, ಅಂದರೆ ಐಪಿಸಿಯ 499, 500ನೇ ಕಲಂ ಇತ್ತಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಆಗಿದೆ. ಸಾಬೀತಾದರೆ 2 ವರ್ಷದವರೆಗೆ ಜೈಲು ಅಥವಾ ದಂಡ, ಈಗ ಸಮುದಾಯ ಸೇವೆಯೂ ಸೇರಿದೆ. ಮಾತಿಗೆ ಜೈಲು ಬೇಡ ಅಂತ ದೊಡ್ಡ ದೊಡ್ಡ ನಾಯಕರೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2016ರಲ್ಲಿ ಕೋರ್ಟ್ ಒಪ್ಪಲಿಲ್ಲ. ಮರ್ಯಾದೆಯೂ ಬದುಕುವ ಹಕ್ಕಿಗೆ ಸೇರಿದ್ದು ಅಂದಿತು. ನನಗಂತೂ ಜೈಲು ಜಾಸ್ತಿ ಅನ್ನಿಸುತ್ತೆ, ಪರಿಹಾರ ಕೊಡಿಸಿದರೆ ಸಾಕಿತ್ತು.

ಆದರೆ ನೀನು ಬರೆದಿದ್ದನ್ನು ಇನ್ನೊಂದು ಸಲ ಓದು. ‘ಸಜ್ಜಾ ಒಡೆದಿದೆ, ಮೂರು ಸಲ ಫೋನ್ ಮಾಡಿದರೂ ಬಂದಿಲ್ಲ’ ಅಂದಿದ್ದೀಯ. ಕಣ್ಣಾರೆ ಕಂಡಿದ್ದು, ಫೋಟೋ ಇದೆ. ಮನೆ ಕಟ್ಟಿಸುವ ನಾಲ್ಕು ಜನರಿಗೆ ಉಪಯೋಗದ ಮಾತು. ನಿಜವೂ ಆಗಿದ್ದು ಜನರಿಗೂ ಒಳ್ಳೆಯದಾಗುವ ಮಾತಿಗೆ ಕಾನೂನಿನಲ್ಲೇ ರಕ್ಷಣೆ ಇದೆ. ಕೆಳಗೆ ‘ಅವನು ಕಳ್ಳ, ಎಲ್ಲರ ಸಿಮೆಂಟೂ ಮಾರಿಕೊಂಡಿದ್ದಾನೆ’ ಅಂತಲೂ ಇದೆ. ಅದನ್ನು ನೀನು ನೋಡಿದ್ದೀಯಾ? ಸಿಟ್ಟಲ್ಲಿ ಬಂದಿದ್ದು ಅಲ್ವಾ?

ನಿಮ್ಮ ಅಜ್ಜ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದಾಗ ದುಡ್ಡು ತಿಂದರು ಅಂತ ಯಾರೋ ಹಬ್ಬಿಸಿದರು. ಆಡಿಟ್ ಆಯಿತು, ಒಂದು ಪೈಸೆ ವ್ಯತ್ಯಾಸ ಸಿಗಲಿಲ್ಲ. ಆದರೂ ಅಪ್ಪ ಸಂಜೆ ಮಂಡಕ್ಕಿ ಅಂಗಡಿ ಕಡೆ ಹೋಗುವುದನ್ನೇ ಬಿಟ್ಟರು. ರಸೀದಿಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಮನೆಗೆ ಯಾರೇ ಬರಲಿ, ಕೇಳದಿದ್ದರೂ ತೆಗೆದು ತೋರಿಸುತ್ತಿದ್ದರು. ನನಗೆ ಹೆಣ್ಣು ಕೊಡಲು ಬಂದ ಬೀಗರ ಮುಂದೆಯೂ ಆ ಕಟ್ಟು ಬಿಚ್ಚಿದರು. ಕಾಫಿ ಆರಿಹೋಯಿತು, ಯಾರೂ ಲೋಟ ಮುಟ್ಟಲಿಲ್ಲ. ನನಗೆ ಇವತ್ತಿಗೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಅದಕ್ಕೇ ಹೇಳುತ್ತೇನೆ, ‘ಕಳ್ಳ’ ಅಂದಿದ್ದನ್ನು ಅದೇ ಗ್ರೂಪಿನಲ್ಲಿ, ಅಷ್ಟೂ ಜನರ ಮುಂದೆ ವಾಪಸ್ ತಗೋ. ಸಜ್ಜಾ ವಿಷಯ ಮಾತ್ರ ಒಂದಕ್ಷರ ಅಳಿಸಬೇಡ. ಗ್ರಾಹಕರ ಆಯೋಗಕ್ಕೂ ದೂರು ಕೊಡೋಣ. ಯಾವುದಕ್ಕೂ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ಸೋಮವಾರ ಬಿಲ್ಲು, ಫೋಟೋ, ನೋಟಿಸು ತಗೊಂಡು ಹತ್ತು ಗಂಟೆಗೆ ಕೋರ್ಟ್ ಹತ್ತಿರ ಬಾ. ನಮ್ಮ ವಕೀಲರ ಹತ್ತಿರ ಉತ್ತರ ಬರೆಸೋಣ.