ಅಮ್ಮನ ಧೈರ್ಯದ ಮಾತುಗಳನ್ನು ಮೊಮ್ಮಕ್ಕಳಿಗೆ ಉಳಿಸುವುದು ಹೇಗೆ?

ಪ್ರಶ್ನೆ: ಮುಂಜಾವು

ಅಮ್ಮನಿಗೆ ಈಗ 79. ದೇವರ ಮೇಲೆ ಅಪಾರ ನಂಬಿಕೆ. ಕಷ್ಟ ಅಂತ ಬಂದವರಿಗೆ ಒಂದೆರಡು ಮಾತಲ್ಲೇ ಧೈರ್ಯ ತುಂಬಿ ಕಳಿಸ್ತಾರೆ. ಆ ಮಾತುಗಳನ್ನೆಲ್ಲ ಒಟ್ಟುಮಾಡಿ ಮೊಮ್ಮಕ್ಕಳ ಕೈಗೆ ಕೊಡಬೇಕು ಅಂತ ಆಸೆ. ಆದರೆ ಫೋನ್ ಮುಂದಿಟ್ಟು "ಮಕ್ಕಳಿಗೆ ಏನಾದ್ರೂ ಹೇಳಮ್ಮ" ಅಂದರೆ "ಚೆನ್ನಾಗಿರಿ, ದೇವರನ್ನ ಮರೀಬೇಡಿ" ಅನ್ನೋದಕ್ಕೇ ಮುಗಿದುಹೋಗುತ್ತೆ.

ಏನು ಕೇಳಿದರೆ ಮಾತು ಹೊರಡುತ್ತೆ? ರೆಕಾರ್ಡಿಂಗ್ ಹೇಗೆ ಮಾಡೋದು, ಹೇಗೆ ಕಾಪಾಡೋದು? ಅವರ ಪ್ರಾರ್ಥನೆ ಪುಸ್ತಕದ ಅಂಚಿನಲ್ಲಿ ಕೈಬರಹದ ಟಿಪ್ಪಣಿಗಳೂ ಇವೆ, ಹಾಳೆ ಹಳದಿಯಾಗಿದೆ. ಇನ್ನೊಂದು, ಮೊಮ್ಮಕ್ಕಳಲ್ಲಿ ಇಬ್ಬರು ದೇವರನ್ನ ನಂಬೋಲ್ಲ. ಅವರಿಗೂ ದಕ್ಕುವ ಹಾಗೆ ಬರೆಯೋಕೆ ಆಗುತ್ತಾ?

ಉತ್ತರ: ಕೇಳುಗ

ನೀವು ಬುದ್ಧಿಮಾತು ಕೇಳ್ತಿದ್ದೀರಿ, ಅದಕ್ಕೇ ಬುದ್ಧಿಮಾತಷ್ಟೇ ಸಿಗ್ತಿದೆ. ಸಂದರ್ಭ ಕೇಳಿ. "ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ" ಅಂತ ಎಲ್ಲರ ಅಮ್ಮಂದಿರೂ ಹೇಳ್ತಾರೆ. ನಿಮ್ಮಮ್ಮ ಅದನ್ನ ಯಾರಿಗೆ ಹೇಳಿದರು, ಆವತ್ತು ಮನೆಯಲ್ಲಿ ಎಷ್ಟು ದುಡ್ಡಿತ್ತು, ಹೇಳಿದ ಮಾರನೇ ದಿನ ಬೆಳಿಗ್ಗೆ ಎದ್ದು ಮೊದಲು ಏನು ಮಾಡಿದರು, ಇದೆಲ್ಲ ಜೊತೆಗಿದ್ದರೇ ಆ ಮಾತಿಗೆ ಜೀವ. ಬರೀ ಮಾತು ಬರೆದಿಟ್ಟರೆ ಕ್ಯಾಲೆಂಡರ್ ಹಿಂಬದಿಯ ಸುಭಾಷಿತ ಆಗುತ್ತೆ, ಅಷ್ಟೇ.

ಪ್ರಶ್ನೆ ಚಿಕ್ಕದಿರಲಿ, ಒಂದು ಘಟನೆಗೆ ಕಟ್ಟಿದ್ದಿರಲಿ. ಕೆಲವು ಮಾದರಿ:

"ದುಡ್ಡು ಸಾಲದ ತಿಂಗಳು ಮೊದಲು ಯಾವ ಖರ್ಚು ನಿಲ್ಲಿಸ್ತಿದ್ದೆ? ಏನೇ ಆದರೂ ನಿಲ್ಲಿಸದೇ ಇದ್ದದ್ದು ಯಾವುದು?"
"ಎಷ್ಟು ಪ್ರಾರ್ಥನೆ ಮಾಡಿದರೂ ಆಗದೇ ಹೋದ ಕೆಲಸ ಯಾವುದು? ಆಮೇಲೆ ಮತ್ತೆ ಪ್ರಾರ್ಥನೆಗೆ ಕೂತದ್ದು ಯಾವಾಗ?"
"ಯಾರ ಮೇಲಿನ ಸಿಟ್ಟು ಬಹಳ ದಿನ ಇತ್ತು? ಮೊದಲು ಮಾತಾಡಿಸಿದ್ದು ಯಾರು?"
"ಈ ಮಾತನ್ನ ನಿನಗೆ ಹೇಳಿದ್ದು ಯಾರು?"

ಕೊನೆಯದನ್ನ ಮರೀಬೇಡಿ. ಅಮ್ಮನಿಗೆ ಅವರಮ್ಮನಿಂದ ಬಂದದ್ದು ಯಾವುದು, ತಾವೇ ಕಂಡುಕೊಂಡದ್ದು ಯಾವುದು ಅಂತ ತಿಳಿಯೋಕೆ ಅದೊಂದೇ ದಾರಿ. ಎರಡನೇ ಪ್ರಶ್ನೆ, ಅಂದರೆ ಪ್ರಾರ್ಥನೆ ಮಾಡಿದರೂ ಆಗದೇ ಹೋದದ್ದರ ಬಗ್ಗೆ, ಕೇಳೋಕೆ ಎಲ್ಲರೂ ಹಿಂಜರೀತಾರೆ. ಆದರೆ ನಂಬಿಕೆ ಇರೋ ತಾಯಿಯ ಅತ್ಯಂತ ಗಟ್ಟಿ ಮಾತು ಬರೋದು ಅಲ್ಲಿಂದಲೇ. ಅದನ್ನ ಮೊದಲ ದಿನವೇ ಕೇಳಬೇಡಿ, ಅಷ್ಟೇ.

10ರಿಂದ 30ನೇ ವಯಸ್ಸಿನ ನಡುವಿನ ನೆನಪುಗಳು ವಯಸ್ಸಾದವರಲ್ಲಿ ಹೆಚ್ಚು ದಟ್ಟವಾಗಿ ಉಳಿದಿರುತ್ತವೆ. ಹಾಗಾಗಿ ಮದುವೆಗೆ ಮುಂಚಿನಿಂದ ಶುರುಮಾಡಿ. ಕೈಗೆ ಒಂದು ಹಳೇ ಫೋಟೊ ಕೊಡಿ, ಒಂದೇ ಸಾಕು. ಆಲ್ಬಂ ಕೊಟ್ಟರೆ ಪುಟ ತಿರುವುತ್ತಾ ಹೆಸರು ಹೇಳೋದೇ ಆಗುತ್ತೆ.

ಒಮ್ಮೆಗೆ ಮೂರು ಪ್ರಶ್ನೆ, 30-40 ನಿಮಿಷ. ಅವರು ಮಾತು ನಿಲ್ಲಿಸಿದಾಗ ಮನಸ್ಸಲ್ಲೇ ಹತ್ತು ಎಣಿಸಿ, ಬಾಯಿ ಬಿಡಬೇಡಿ. ಬಹಳ ಸಲ ಒಳ್ಳೆಯ ಮಾತು ಬರೋದು ಆರನೆಯದೋ ಏಳನೆಯದೋ ಎಣಿಕೆಗೆ. ನಾವು ಅಷ್ಟರಲ್ಲಿ "ಹೂಂ, ಆಮೇಲೆ?" ಅಂದು ಕೆಡಿಸಿರ್ತೀವಿ.

ಪ್ರಶ್ನೆ ಕೇಳೋ ಕೆಲಸ ಮೊಮ್ಮಗಳಿಗೋ ಮೊಮ್ಮಗನಿಗೋ ವಹಿಸಿ. ನಿಮಗೆ ಹೇಳುವಾಗ "ನಿಂಗೊತ್ತಲ್ಲ" ಅಂತ ಹಾರಿಸೋದನ್ನ ಮಗುವಿಗೆ ಬಿಡಿಸಿ ಹೇಳ್ತಾರೆ. ಅಣ್ಣ-ತಂಗಿಯರನ್ನೆಲ್ಲ ಒಟ್ಟಿಗೆ ಕೂರಿಸಬೇಡಿ, "ಅದು ಆ ವರ್ಷ ಅಲ್ಲಮ್ಮ" ಅಂತ ಒಬ್ಬರು ತಿದ್ದಿದರೆ ಮಾತು ಅಲ್ಲಿಗೇ ನಿಲ್ಲುತ್ತೆ. ಇಸವಿ ಆಮೇಲೆ ಸರಿಮಾಡಬಹುದು.

"ಇದನ್ನ ಯಾರಿಗೂ ಕೇಳಿಸಬೇಡ" ಅಂದರೆ ಅವರ ಎದುರಿಗೇ ಆ ಭಾಗ ಅಳಿಸಿ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಸಲ ಇನ್ನೂ ಬಿಚ್ಚಿ ಮಾತಾಡ್ತಾರೆ.

ಉತ್ತರ: ಹಳೇ ರೇಡಿಯೊ

ರೆಕಾರ್ಡಿಂಗ್ ಬಗ್ಗೆ. ಫೋನ್ ಸಾಕು, ಹೊಸ ಉಪಕರಣ ಬೇಡ. ಬಾಯಿಂದ 30-40 ಸೆಂ.ಮೀ. ದೂರ, ಎದೆಮಟ್ಟದಲ್ಲಿ, ಮಡಚಿದ ಟವೆಲ್ ಮೇಲಿಡಿ. ಬರೀ ಮೇಜಿನ ಮೇಲಿಟ್ಟರೆ ಬಳೆ ತಾಗಿದ ಸದ್ದು, ಲೋಟ ಇಟ್ಟ ಸದ್ದು ಎಲ್ಲ ಮಾತಿಗಿಂತ ಜೋರಾಗಿ ಕೇಳುತ್ತೆ. ಫೋನಿನ ಮೈಕ್ ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿರುತ್ತೆ, ಆ ಅಂಚು ಅಮ್ಮನ ಕಡೆಗಿರಲಿ. ಏರೋಪ್ಲೇನ್ ಮೋಡ್ ಹಾಕಿ, ಕರೆ ಬಂದರೆ ಹಲವು ಫೋನ್‌ಗಳಲ್ಲಿ ರೆಕಾರ್ಡಿಂಗ್ ಅಲ್ಲೇ ನಿಂತುಬಿಡುತ್ತೆ. ಫ್ಯಾನ್ ಆರಿಸಿ. ಅದರ ಗಾಳಿ ಮೈಕಿಗೆ ಬಡಿದ ಸದ್ದನ್ನ ಆಮೇಲೆ ಪೂರ್ತಿ ತೆಗೆಯೋಕೆ ಆಗೋಲ್ಲ. ಬಟ್ಟೆ, ಹಾಸಿಗೆ, ಪರದೆ ಇರೋ ಕೋಣೆ ಒಳ್ಳೇದು, ಖಾಲಿ ಕೋಣೆಯಲ್ಲಿ ದನಿ ಗುಂಯ್ ಅನ್ನುತ್ತೆ.

ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನ್‌ನಲ್ಲಿ ಕೇಳಿ ನೋಡಿ. ಎರಡನೇ ಫೋನ್ ಇದ್ದರೆ ಅದನ್ನೂ ಚಾಲೂ ಮಾಡಿಡಿ.

ಆಪ್‌ನಲ್ಲಿ ಅವಕಾಶ ಇದ್ದರೆ ದನಿಯನ್ನ ಕುಗ್ಗಿಸದೆ ಉಳಿಸೋ ವೇವ್ (WAV) ಫೈಲ್, 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಆರಿಸಿ. ನಿಮಿಷಕ್ಕೆ 8.6 ಎಂಬಿ ಆಗುತ್ತೆ, 40 ನಿಮಿಷಕ್ಕೆ ಸುಮಾರು 345 ಎಂಬಿ. ಜಾಗ ಇಲ್ಲದಿದ್ದರೆ 128 ಕೆಬಿಪಿಎಸ್ ಎಂಪಿ3 ಸಾಕು, ನಿಮಿಷಕ್ಕೆ 1 ಎಂಬಿ ಹತ್ತಿರ. ವಾಟ್ಸಾಪ್ ವಾಯ್ಸ್ ನೋಟ್‌ನಲ್ಲೇ ರೆಕಾರ್ಡ್ ಮಾಡಬೇಡಿ, ದನಿಯ ಗುಣಮಟ್ಟ ತುಂಬಾ ಕುಗ್ಗುತ್ತೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಫೈಲ್ ಹೆಸರು ವರ್ಷ-ತಿಂಗಳು-ದಿನದಿಂದ ಶುರುವಾಗಲಿ, ಆಮೇಲೆ ವಿಷಯ. ಮೂರು ಪ್ರತಿ ಇಡಿ: ಒಂದು ಕಂಪ್ಯೂಟರ್‌ನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ಪೆನ್‌ಡ್ರೈವ್ ಒಂದನ್ನೇ ನೆಚ್ಚಬೇಡಿ. ವರ್ಷಗಟ್ಟಲೆ ಡ್ರಾಯರ್‌ನಲ್ಲೇ ಬಿದ್ದಿದ್ದರೆ ಒಳಗಿನ ಡೇಟಾ ಅಳಿಯಬಹುದು.

ಬರಹಕ್ಕಿಳಿಸೋಕೆ ಒಂದು ಗಂಟೆ ಮಾತಿಗೆ ನಾಲ್ಕರಿಂದ ಆರು ಗಂಟೆ ಬೇಕು. ದನಿಯಿಂದ ಬರಹ ಮಾಡೋ ಆಪ್ ಬಳಸಿದರೂ ಆಡುಮಾತು ಮತ್ತು ಊರು-ಜನರ ಹೆಸರುಗಳಲ್ಲಿ ಎಡವುತ್ತೆ, ಪ್ರತಿ ಸಾಲನ್ನೂ ಕೇಳಿ ತಿದ್ದಲೇಬೇಕು. ಟೈಪ್ ಮಾಡೋದು ಯೂನಿಕೋಡ್‌ನಲ್ಲೇ ಇರಲಿ, ಅದು ಈಗಿನ ಫೋನ್, ಕಂಪ್ಯೂಟರ್‌ಗಳೆಲ್ಲ ಓದುವ ಅಕ್ಷರ ಪದ್ಧತಿ. "ನುಡಿ", "ಬರಹ" ತಂತ್ರಾಂಶಗಳ ಹಳೇ ಆಸ್ಕಿ ಫಾಂಟ್‌ನಲ್ಲಿ ಮಾಡಿಟ್ಟರೆ ಆ ಫಾಂಟ್ ಇಲ್ಲದ ಕಡೆ ಬರೀ ಅಡ್ಡಾದಿಡ್ಡಿ ಗುರುತುಗಳು ಕಾಣುತ್ತವೆ.

ಅಮ್ಮನ "ಬತ್ತೀನಿ", "ಇಕ್ಕು" ಇದ್ದರೆ ಹಾಗೇ ಇರಲಿ. ಗ್ರಾಂಥಿಕ ಮಾಡೋ ಚಪಲ ಬಹಳ ಜನಕ್ಕಿದೆ, ಮಾಡಿದ ಮೇಲೆ ಅದು ಯಾರಮ್ಮನ ಮಾತು ಅಂತಲೇ ಗೊತ್ತಾಗೋಲ್ಲ.

ಉತ್ತರ: ತಾಳಿದವನು

ನಂಬಿಕೆ ಇಲ್ಲದ ಮೊಮ್ಮಕ್ಕಳ ಪ್ರಶ್ನೆಗೆ. ದೇವರ ಹೆಸರು ತೆಗೆದು ಬರೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಅಮ್ಮನ ಮಾತಾಗಿ ಉಳಿಯುವುದಿಲ್ಲ, ಮಕ್ಕಳಿಗೂ ಆ ಕತ್ತರಿ ಕಾಣುತ್ತದೆ. ಅದರ ಬದಲು ಪ್ರತಿ ಪ್ರಸಂಗವನ್ನೂ ಮೂರು ಭಾಗ ಮಾಡಿ ಬರೆಯಿರಿ: ಏನಾಯಿತು, ಅಮ್ಮ ಏನು ಮಾಡಿದರು, ಹಾಗೆ ಮಾಡಲು ಯಾವ ನಂಬಿಕೆ ಕೈಹಿಡಿಯಿತು. ನಂಬದವರಿಗೆ ಮೊದಲ ಎರಡು ಭಾಗ ಪೂರ್ತಿ ದಕ್ಕುತ್ತದೆ, ಮೂರನೆಯದು ಅಜ್ಜಿಯನ್ನು ಅರ್ಥಮಾಡಿಕೊಳ್ಳಲು. ಎರಡನೇ ಭಾಗ ಖಾಲಿಯಿದ್ದರೆ ಮತ್ತೆ ಹೋಗಿ ಕೇಳಿ. "ದೇವರ ಮೇಲೆ ಭಾರ ಹಾಕಿದೆ" ಎನ್ನುವ ತಾಯಂದಿರು ಭಾರ ಹಾಕಿ ಸುಮ್ಮನೆ ಕೂತದ್ದು ಕಡಿಮೆ.

ಆಯ್ಕೆಯಲ್ಲಿ ಒಂದು ಎಚ್ಚರ. ಭಕ್ತಿಯ ಮಾತುಗಳೆಲ್ಲ ಧೈರ್ಯ ಕೊಡುವುದಿಲ್ಲ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಅವರ ಸಂಗಡಿಗರು ಕಷ್ಟಕಾಲದಲ್ಲಿ ಜನ ನಂಬಿಕೆಯನ್ನು ಬಳಸುವ ಬಗೆಯನ್ನು ಎರಡಾಗಿ ವಿಂಗಡಿಸಿದ್ದಾರೆ. "ದೇವರು ಜೊತೆಗಿದ್ದಾನೆ" ಎನ್ನುವುದು ಒಂದು, "ದೇವರು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ" ಎನ್ನುವುದು ಇನ್ನೊಂದು. ಎರಡನೆಯದಕ್ಕೂ ಖಿನ್ನತೆ, ಆತಂಕಗಳಿಗೂ ನಂಟಿರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. "ನೀನು ಮಾಡಿದ್ದಕ್ಕೇ ಹೀಗಾಯ್ತು" ಎಂಬ ಧಾಟಿಯ ಮಾತು ಅಮ್ಮನ ಬಾಯಲ್ಲಿ ಬಂದಿದ್ದರೆ ಅದು ರೆಕಾರ್ಡಿಂಗ್‌ನಲ್ಲಿರಲಿ, ಮಕ್ಕಳ ಪುಸ್ತಕಕ್ಕೆ ಬೇಡ. "ಎಲ್ಲ ಒಳ್ಳೇದಕ್ಕೇ" ಎಂಬುದೂ ಹಾಗೇ. ಅಮ್ಮ ತಮ್ಮ ನಷ್ಟದ ಬಗ್ಗೆ ಹೇಳಿಕೊಂಡಾಗ ಅದು ಸಮಾಧಾನ, ಸಾವಿನ ಮನೆಯಲ್ಲಿ ಬೇರೆಯವರಿಗೆ ಹೇಳಿದರೆ ಬರೆ ಎಳೆದ ಹಾಗೆ. ಅಂಥ ಮಾತಿನ ಪಕ್ಕದಲ್ಲಿ ಯಾರು ಯಾರಿಗೆ ಹೇಳಿದ್ದು ಎಂದು ಬರೆದೇ ಇಡಬೇಕು.

ವರ್ನ್ ಬೆಂಗ್ಟ್ಸನ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಕುಟುಂಬಗಳನ್ನು 1970ರ ದಶಕದಿಂದ ತಲೆಮಾರುಗಟ್ಟಲೆ ಗಮನಿಸಿದರು. ಹೆತ್ತವರು ಎಷ್ಟು ಧಾರ್ಮಿಕರು ಎಂಬುದಷ್ಟೇ ಅಲ್ಲ, ಮಕ್ಕಳೊಂದಿಗಿನ ಸಂಬಂಧ ಎಷ್ಟು ಆತ್ಮೀಯ ಎಂಬುದೂ ನಂಬಿಕೆ ದಾಟುವುದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ ಎಂಬುದು ಅವರು ಕಂಡದ್ದು. ಆದ್ದರಿಂದ ಆ ಇಬ್ಬರು ಮೊಮ್ಮಕ್ಕಳ ಪ್ರತಿಯಲ್ಲಿ ಉಪದೇಶ ಹೆಚ್ಚಿಸುವ ಅಗತ್ಯವೇ ಇಲ್ಲ. ಅಜ್ಜಿ ಅವರ ಬಗ್ಗೆಯೇ ಹೇಳಿದ ಎರಡು ಮಾತು ಸೇರಿಸಿ.

ಇದು ಬಹಳ ಹಳೆಯ ಕೆಲಸ. 841ರಲ್ಲಿ ಧುವೋಡಾ ಎಂಬ ಫ್ರಾಂಕಿಷ್ (ಈಗಿನ ಫ್ರಾನ್ಸ್ ಕಡೆಯ) ತಾಯಿ ದೂರದಲ್ಲಿದ್ದ ಹದಿನೈದರ ಹರೆಯದ ಮಗನಿಗಾಗಿ ಇಂಥದ್ದೇ ಒಂದು ಕೈಪಿಡಿ ಬರೆಯಲು ಕೂತಳು, ಮುಗಿದದ್ದು 843ರಲ್ಲಿ. ಪ್ರಾರ್ಥನೆ ಹೇಗೆ ಮಾಡಬೇಕು ಎಂಬುದರ ಜೊತೆಗೇ ತಂದೆಯೊಂದಿಗೆ, ದೊರೆಯೊಂದಿಗೆ, ದೊಡ್ಡವರೊಂದಿಗೆ, ಚಿಕ್ಕವರೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದೂ ಅದರಲ್ಲಿದೆ.

ಮುಂಜಾವು

ತುಂಬಾ ಉಪಕಾರ ಆಯ್ತು. ಇನ್ನೊಂದು ತೊಡಕು: ಈಚೆಗೆ ಸ್ವಲ್ಪ ಮರೆವು. ಒಂದೇ ಪ್ರಸಂಗವನ್ನ ಎರಡು ಥರ ಹೇಳ್ತಾರೆ. ಯಾವುದನ್ನ ಇಟ್ಟುಕೊಳ್ಳಲಿ?

ಕೇಳುಗ

ಎರಡನ್ನೂ, ಹೇಳಿದ ದಿನಾಂಕದ ಜೊತೆ. ಎದುರಿಗೆ ತಿದ್ದಬೇಡಿ. "ನೆನಪಿದೆಯಾ?" ಅನ್ನೋ ಪದವನ್ನೇ ಬಿಡಿ, ಅದು ಪರೀಕ್ಷೆ ಥರ ಕೇಳಿಸುತ್ತೆ. ತೆರೆದ ಪ್ರಶ್ನೆಗೆ ತಡವರಿಸಿದರೆ ಎರಡರಲ್ಲಿ ಒಂದು ಆರಿಸೋ ಪ್ರಶ್ನೆ ಕೇಳಿ: "ಆಗ ಜೊತೆಗಿದ್ದದ್ದು ಅಜ್ಜಿನಾ, ದೊಡ್ಡಮ್ಮನಾ?" ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪ್ರಾರ್ಥನೆ, ಹಾಡುಗಳು ಬಹಳ ಕಾಲ ಉಳಿಯುತ್ತವೆ. ಮೊದಲ ಸಾಲು ನೀವು ಹೇಳಿ ನಿಲ್ಲಿಸಿ, ಮುಂದಿನದನ್ನ ಅವರೇ ಹಿಡೀತಾರೆ. ದಣಿವಿಲ್ಲದ ಹೊತ್ತು ನೋಡಿ, ಸಾಮಾನ್ಯವಾಗಿ ಬೆಳಿಗ್ಗೆ. ಸಮಯ 15-20 ನಿಮಿಷಕ್ಕೆ ಇಳಿಸಿ.

ಮರೆವು ಹೊಸದಾಗಿ ಶುರುವಾಗಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಕೆಲವು ಮಾತ್ರೆಗಳ ಪರಿಣಾಮದಿಂದಲೂ ಹೀಗಾಗುತ್ತೆ, ಅವಕ್ಕೆ ಚಿಕಿತ್ಸೆ ಇದೆ.

ಉತ್ತರ: ಕಾಗದ ಕಡತ

ಪುಸ್ತಕದ ಅಂಚಿನ ಟಿಪ್ಪಣಿ ಬಗ್ಗೆ ಯಾರೂ ಹೇಳಿಲ್ಲ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಮತ್ತೆ ಬಿಡಿಸೋಕೆ ಆಗೋಲ್ಲ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕಂದಾಗಿ ಕಾಗದಕ್ಕೆ ಇಳಿಯುತ್ತೆ. ಹಾಳೆ ಹಳದಿಯಾಗಿರೋದು ಹೆಚ್ಚಾಗಿ ಕಾಗದದೊಳಗಿನ ಆಮ್ಲದಿಂದ. ಬಿಸಿಲು, ತೇವ ತಪ್ಪಿಸಿ ಆಮ್ಲರಹಿತ ಪೆಟ್ಟಿಗೆಯಲ್ಲಿ ಮಲಗಿಸಿಟ್ಟರೆ ನಿಧಾನವಾಗುತ್ತೆ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಆಗಬಹುದು.

ಫೋಟೊ ತೆಗೆಯುವಾಗ ಪೂರ್ತಿ ಪುಟ ಬರಲಿ. ಟಿಪ್ಪಣಿ ಯಾವ ಸಾಲಿನ ಪಕ್ಕದಲ್ಲಿದೆ ಅನ್ನೋದರಲ್ಲೇ ಅರ್ಧ ಅರ್ಥ ಇರುತ್ತೆ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಓರೆಯಾಗಿ ಬೀಳಲಿ, ಒತ್ತಿ ಬರೆದು ಮಾಸಿದ ಪೆನ್ಸಿಲ್ ಗೆರೆಯೂ ಕಾಣುತ್ತೆ. ಪುಸ್ತಕದ ಬೆನ್ನು ಸಡಿಲವಾಗಿದ್ದರೆ 90 ಡಿಗ್ರಿಗಿಂತ ಹೆಚ್ಚು ಬಿಡಿಸಬೇಡಿ, ಹಿಂದೆ ದಿಂಬು ಕೊಡಿ. ಪುಟಗಳ ನಡುವೆ ಹೂವೋ ಚೀಟಿಯೋ ಇದ್ದರೆ ಮೊದಲು ಇದ್ದ ಜಾಗದಲ್ಲೇ ಫೋಟೊ ತೆಗೆದು, ಪುಟ ಸಂಖ್ಯೆ ಬರೆದು, ಆಮೇಲೆ ಬೇರೆ ಲಕೋಟೆಗೆ ಹಾಕಿ.

ಮಕ್ಕಳ ಪ್ರತಿ ಮುದ್ರಿಸೋಕೆ ಲೇಸರ್ ಪ್ರಿಂಟ್, ಆಮ್ಲರಹಿತ ಕಾಗದ. ಮಾಮೂಲಿ ಇಂಕ್‌ಜೆಟ್ ಡೈ ಶಾಯಿ ಒಂದು ಹನಿ ನೀರು ಬಿದ್ದರೂ ಹರಡುತ್ತೆ. ಪ್ರತಿ ಪ್ರಸಂಗದ ಕೆಳಗೆ ರೆಕಾರ್ಡಿಂಗ್‌ನ ದಿನಾಂಕ, ನಿಮಿಷ ಹಾಕಿ, ದನಿ ಕೇಳಬೇಕು ಅನ್ನಿಸಿದವರು ನೇರ ಅಲ್ಲಿಗೇ ಹೋಗಬಹುದು.