ಸುಟ್ಟುಹೋದ ಬಂಗಲೆ ಜಾಗದಲ್ಲಿ ಪುರಾತತ್ವ ಪರೀಕ್ಷೆ ಬೇಕೇ ಬೇಕಾ? (ಐರ್ಲೆಂಡ್)

ಸೈಟ್‌ಬೂಟು:
ಐರ್ಲೆಂಡಿನಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ. ನಮ್ಮ ಕಂಪನಿಗೆ ಹಳೇ ಜಮೀನ್ದಾರರ ಬಂಗಲೆ ಇದ್ದ ಜಾಗ ಸಿಕ್ಕಿದೆ. 1921ರ ಗಲಾಟೆಯಲ್ಲಿ ಬಂಗಲೆ ಸುಟ್ಟುಹೋಯಿತು, ಉಳಿದ ಗೋಡೆಗಳನ್ನೂ ಆಮೇಲೆ ಕೆಡವಿದ್ದಾರೆ. ಈಗ ಇರುವುದು ಹುಲ್ಲು, ಒಂದು ಗೇಟು, ತೋಟದ ಸುತ್ತ ಕಲ್ಲಿನ ಗೋಡೆ. ಇಲ್ಲಿ ಮನೆಗಳು ಬರಬೇಕು. ಅನುಮತಿಯ ಷರತ್ತಿನಲ್ಲಿ ‘ಮೊದಲು ಪುರಾತತ್ವ ಪರೀಕ್ಷೆ’ ಅಂತಿದೆ. ಅಗೆಯುವ ಯಂತ್ರ ಬಾಡಿಗೆ ತಿನ್ನುತ್ತಾ ನಿಂತಿದೆ, ಲೈಸೆನ್ಸ್ ಇನ್ನೂ ಬಂದಿಲ್ಲ. ಇದ್ದದ್ದೇ 1700ರ ಈಚಿನ ಮನೆ, ಅದೂ ಈಗಿಲ್ಲ. ಇನ್ನೇನು ಹುಡುಕುತ್ತಾರೆ? ನಮ್ಮ ಹುಡುಗರೇ ಎರಡು ಗುಂಡಿ ತೋಡಿ ಫೋಟೊ ಕಳಿಸಿದರೆ ಆಗಲ್ವಾ?

ಕರಣೆಕೈ:
ಆಗಲ್ಲ. ಆ ಕೆಲಸ ಮಾತ್ರ ಮಾಡಬೇಡಿ ಸರ್. ಪುರಾತತ್ವಕ್ಕೆಂದು ನೆಲ ಅಗೆಯಲು ಲೈಸೆನ್ಸ್ ಬೇಕು ಅನ್ನುವುದು ಅಲ್ಲಿ 1930ರ ಕಾಯ್ದೆಯಿಂದಲೂ ಇರುವ ನಿಯಮ. ಅದನ್ನು ಕಂಪನಿಗಲ್ಲ, ಒಬ್ಬ ಪುರಾತತ್ವಜ್ಞರ ಹೆಸರಿಗೆ ಕೊಡುತ್ತಾರೆ.

ನಾನು ಇಂಥ ಎಸ್ಟೇಟುಗಳಲ್ಲಿ ಮಳೆಯಲ್ಲಿ ಮಂಡಿಯೂರಿ ಕೆಲಸ ಮಾಡಿದವಳು. ನೀವು ಬಂಗಲೆ ನೋಡುತ್ತಿದ್ದೀರಿ, ನಮಗೆ ಬೇಕಾದದ್ದು ಹುಲ್ಲು. ಬಂಗಲೆ ಮುಂದಿನ ಹುಲ್ಲುಹಾಸಿಗೆ ಎಷ್ಟೋ ಸಲ ಇನ್ನೂರು ವರ್ಷ ನೇಗಿಲೇ ಬಿದ್ದಿರುವುದಿಲ್ಲ. ಪಕ್ಕದ ಹೊಲದಲ್ಲಿ ಉತ್ತು ಉತ್ತು ಹಾಳಾದದ್ದು ಇಲ್ಲಿ ಹಾಗೇ ಕೂತಿರುತ್ತೆ. ಹದಿನೈದು, ಹದಿನಾರನೇ ಶತಮಾನದ ಕಲ್ಲಿನ ಗೋಪುರಮನೆಯ ಪಕ್ಕದಲ್ಲೇ ಬಂಗಲೆ ಕಟ್ಟಿದ್ದುಂಟು. ಇನ್ನೂ ಹಿಂದಕ್ಕೆ ಹೋದರೆ ಕಂಚಿನ ಯುಗದವರು ಕಾಸಿದ ಕಲ್ಲು ಹಾಕಿ ನೀರು ಕುದಿಸುತ್ತಿದ್ದ ಜಾಗಗಳು. ಕಪ್ಪು ಮಣ್ಣು, ಬಿರಿದ ಕಲ್ಲು ಅಷ್ಟೇ ಕಾಣುವುದು. ನಿಮ್ಮ ಹುಡುಗರು ಅದನ್ನು ‘ಏನೂ ಇಲ್ಲ’ ಅಂತಲೇ ಬರೆಯುತ್ತಾರೆ! ಬಂಗಲೆಯದ್ದೇ ಇಟ್ಟಿಗೆ ಚರಂಡಿ, ಐಸ್ ಕೂಡಿಡುವ ನೆಲಮಾಳಿಗೆ, ಆಳುಗಳು ಯಜಮಾನರ ಕಣ್ಣಿಗೆ ಬೀಳದೆ ಓಡಾಡುವ ಸುರಂಗ ಕೂಡ ಇರಬಹುದು. ಅದರ ಮೇಲೆ ನಿಮ್ಮ ಯಂತ್ರ ಹತ್ತಿದರೆ?

ಪರೀಕ್ಷೆ ಅಂದರೆ ಇಡೀ ಜಾಗ ಅಗೆಯುವುದಲ್ಲ. ಹಲ್ಲಿಲ್ಲದ ಬಕೆಟ್‌ನಿಂದ ಸುಮಾರು 2 ಮೀಟರ್ ಅಗಲದ ಟ್ರೆಂಚ್‌ಗಳನ್ನು ಪದರ ಪದರವಾಗಿ ಕೆರೆಯುತ್ತೇವೆ. ಮನುಷ್ಯರ ಕೈ ಸೋಕದ ಮಣ್ಣು ಬಂದರೆ ಮುಗಿಯಿತು. ನಡುವೆ ಏನಾದರೂ ಕಂಡರೆ ಅಲ್ಲೇ ನಿಲ್ಲಿಸಿ, ಕರಣೆಯಲ್ಲಿ ಬಿಡಿಸಿ, ಅಳೆದು, ಚಿತ್ರ ಬರೆದುಕೊಳ್ಳುತ್ತೇವೆ.

ನಕ್ಷೆಹುಚ್ಚ:
ಮೊದಲ ಆರ್ಡ್‌ನೆನ್ಸ್ ಸರ್ವೆ (ಸರ್ಕಾರಿ ಭೂಮಾಪನ) ನಕ್ಷೆ, ಮೈಲಿಗೆ ಆರು ಇಂಚಿನದ್ದು, ನೋಡಿದಿರಾ? 1840ರ ದಶಕದ ಹೊತ್ತಿಗೆ ಇಡೀ ದ್ವೀಪ ಅಳೆದು ಮುಗಿಸಿದ್ದರು. ಆನ್‌ಲೈನಲ್ಲಿ ಸುಮ್ನೆ ನೋಡಬಹುದು, ದುಡ್ಡೂ ಬೇಡ.

ಸೈಟ್‌ಬೂಟು:
ಈಗ ನೋಡಿದೆ. ತೋಟದ ಗೋಡೆಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಕೋಟೆ, ಪಾಳು’ ಅಂತ ಬರೆದಿದೆ. ನಮ್ಮ ಚರಂಡಿ ಲೈನ್ ಸರಿಯಾಗಿ ಅದರ ಮೇಲೇ ಹೋಗುತ್ತದೆ.

ಕರಣೆಕೈ:
ನಿಮ್ಮ ಪುರಾತತ್ವಜ್ಞರಿಗೆ ಇವತ್ತೇ ಫೋನ್ ಮಾಡಿ. ಅವರಿಗೆ ಇದು ಗೊತ್ತಿದ್ದರೂ ಚರಂಡಿ ವಿಷಯ ಗೊತ್ತಿರಲಿಕ್ಕಿಲ್ಲ. ಒಂದು ಟ್ರೆಂಚ್ ಆ ಲೈನ್ ಮೇಲೆ ಬರಲಿ. ಗೋಡೆ ಸಿಕ್ಕರೆ ಚರಂಡಿಯನ್ನು ಕಾಗದದ ಮೇಲೇ ಪಕ್ಕಕ್ಕೆ ಸರಿಸಬಹುದು. ಸರಿಸಲು ಆಗದಿದ್ದರೆ ಪೂರ್ತಿ ಉತ್ಖನನ ಮಾಡಿಸಬೇಕಾಗಬಹುದು, ಖರ್ಚು ನಿಮ್ಮ ಕಂಪನಿಯದ್ದೇ. ಮತ್ತೆ ಆ ಯಂತ್ರ ವಾಪಸ್ ಕಳಿಸಿ. ಲೈಸೆನ್ಸ್ ಬಂದ ಮೇಲೆ ಹಲ್ಲಿಲ್ಲದ ಬಕೆಟ್ ಇರುವುದನ್ನೇ ಕೇಳಿ ತರಿಸಿ.